ಹಲ್ಲಿನ ಕ್ಲಿಪ್ಪು, ಬಾಯಿ ಹುಣ್ಣು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು



ಹೋದ ಮಳೆಗಾಲದಲ್ಲಿ ಬಿ.ಟಿ.ಎಂ. ಲೇಔಟ್ ಪಕ್ಕದ ತಾವರೆಕೆರೆಯಲ್ಲಿ ಒಂದು ಸಂಘದ ವಾರದ ಸಭೆ ನಡೆಯುತ್ತಿತ್ತು. ಪ್ರಾರ್ಥನೆ ಮುಗಿದು, ಉಳಿತಾಯದ ಹಣ ಎಣಿಸಿ ಪುಸ್ತಕಕ್ಕೆ ಬರೆಯುವ ಹೊತ್ತಿಗೆ ಒಬ್ಬ ಸದಸ್ಯೆ ಎದ್ದು ನಿಂತರು. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವವರು. ಒಂಬತ್ತನೇ ಕ್ಲಾಸಿನ ಮಗಳ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸಲು ಸಂಘದಿಂದಲೇ ಸಾಲ ತೆಗೆದುಕೊಂಡಿದ್ದರು. "ಸಿಸ್ಟರ್, ಕ್ಲಿಪ್ ಹಾಕ್ಸಿ ಆರು ದಿನ ಆಯ್ತು. ಬಾಯೆಲ್ಲ ಹುಣ್ಣು. ಊಟ ಬಿಟ್ಟಿದ್ದಾಳೆ, ರಾತ್ರಿಯೆಲ್ಲ ಅಳ್ತಾಳೆ. ತೆಗೆಸಿಬಿಡು ಅಂತ ಅವರಪ್ಪ ಹೇಳ್ತಾವ್ರೆ. ತೆಗೆಸಿದ್ರೂ ಸಾಲ ತೀರಿಸ್ಲೇಬೇಕಲ್ಲ?" ಎಂದು ಕೇಳಿದರು.

ಆ ಸಾಲ ಕೊಡುವಾಗಲೇ ಸಂಘದಲ್ಲಿ ಸ್ವಲ್ಪ ಮಾತಾಗಿತ್ತು. "ಹಲ್ಲಿಗೂ ಸಾಲಾನಾ? ಇದೇನು ಶೋಕಿ" ಎಂದವರಿದ್ದರು. ನಿಜ ಹೇಳುತ್ತೇನೆ, ಮೊದಲು ನನಗೂ ಹಾಗೇ ಅನಿಸಿತ್ತು. ಆಮೇಲೆ ಯೋಚಿಸಿದೆ. ತುಂಬಾ ಮುಂದೆ ಬಂದ ಹಲ್ಲು ಬಿದ್ದಾಗ ಬೇಗ ಮುರಿಯುತ್ತದೆ. ಒಂದರ ಮೇಲೊಂದು ಹತ್ತಿದ ಹಲ್ಲಿನ ಸಂದಿಗೆ ಬ್ರಷ್ ಸರಿಯಾಗಿ ಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಹುಡುಗಿ ನಗುವಾಗ ಪ್ರತಿಸಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹದಿನಾಲ್ಕು ವರ್ಷದ ಮಗು ಬಾಯಿ ಮುಚ್ಚಿಕೊಂಡು ನಗುವುದು ಸಣ್ಣ ವಿಷಯ ಅಲ್ಲ.

ಸಭೆ ಮುಗಿಸಿ ಅವರ ಮನೆಗೆ ಹೋದೆವು. ಟಾರ್ಚ್ ಹಿಡಿದು ನೋಡಿದರೆ ಬಲಗೆನ್ನೆಯ ಒಳಗೆ, ಹಿಂದಿನ ದವಡೆ ಹಲ್ಲಿನ ಹತ್ತಿರ, ಎರಡು ಹುಣ್ಣು. ಅಲ್ಲೇ ತಂತಿಯ ತುದಿ ಹೊರಗೆ ಬಂದಿತ್ತು. ಕೆಳತುಟಿಯ ಒಳಗೆ ಒಂದು ಸಣ್ಣ ಹುಣ್ಣು. ಇವು ಮೂರೂ ಕ್ಲಿಪ್ಪಿನಿಂದ ಆದವು. ಆದರೆ ಮುಂದಿನ ಒಸಡಿನ ಮೇಲೆ ಬೆರಳಿನ ಅಗಲದಷ್ಟು ಜಾಗ ಬೆಳ್ಳಗಾಗಿ ಸಿಪ್ಪೆ ಎದ್ದಿತ್ತು. ಅದು ಕ್ಲಿಪ್ಪಿನದಲ್ಲ. ನೋವು ತಡೆಯಲಾರದೆ ತಲೆನೋವಿನ ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ಅಲ್ಲಿ ಒತ್ತಿ ಇಟ್ಟಿದ್ದರು. ಆಸ್ಪಿರಿನ್ ಒಂದು ಆಮ್ಲ. ನುಂಗಿದರೆ ಔಷಧಿ, ಒಸಡಿನ ಮೇಲೆ ಇಟ್ಟರೆ ಸುಡುತ್ತದೆ. ಕ್ಲಿಪ್ ಕೊಟ್ಟ ನೋವಿಗಿಂತ ನಾವು ಮಾಡಿದ ಮನೆಮದ್ದೇ ಆ ಹುಡುಗಿಯ ಊಟ ಬಿಡಿಸಿತ್ತು.

ಈಗ ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರದ ಸಂಘಗಳಲ್ಲೂ ಮಕ್ಕಳಿಗೆ ಕ್ಲಿಪ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ಆದ್ದರಿಂದ ಈ ಸಲ ಇದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಹುಣ್ಣು ಯಾಕೆ ಆಗುತ್ತದೆ?

ಹೊಸ ಚಪ್ಪಲಿ ಕಚ್ಚಿದ ಹಾಗೆ, ಅಷ್ಟೇ. ಕ್ಲಿಪ್ ಎಂದರೆ ಹಲ್ಲಿನ ಮೇಲೆ ಅಂಟಿಸಿದ ಸಣ್ಣ ಲೋಹದ ಗುಂಡಿಗಳು, ಅವುಗಳ ನಡುವೆ ಹಾದುಹೋಗುವ ಒಂದು ತಂತಿ. ಕೆನ್ನೆಯ ಒಳಚರ್ಮ, ತುಟಿಯ ಒಳಚರ್ಮ ತುಂಬಾ ಮೆತ್ತಗೆ. ಇಷ್ಟು ವರ್ಷ ನುಣುಪಾದ ಹಲ್ಲಿಗೆ ಒರಗಿಕೊಂಡಿದ್ದ ಚರ್ಮಕ್ಕೆ ಈಗ ಮಾತಾಡಿದಾಗ, ಅಗಿದಾಗ, ನಿದ್ದೆಯಲ್ಲಿ ಮಗ್ಗುಲು ತಿರುಗಿದಾಗ ಗುಂಡಿ ಉಜ್ಜುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಆಮೇಲೆ ಹುಣ್ಣು. ಒಂದೆರಡು ವಾರದಲ್ಲಿ ಆ ಚರ್ಮ ಗಟ್ಟಿಯಾಗಿ ಒಗ್ಗಿಕೊಳ್ಳುತ್ತದೆ. ಇದರ ಜೊತೆಗೆ ಹಲ್ಲುಗಳೂ ಮೊದಲ ಮೂರರಿಂದ ಏಳು ದಿನ ಜುಮುಜುಮು ಎನ್ನುತ್ತವೆ, ಕಚ್ಚಲು ಆಗುವುದಿಲ್ಲ. ಪ್ರತಿಸಲ ತಂತಿ ಬಿಗಿ ಮಾಡಿಸಿ ಬಂದಾಗಲೂ ಎರಡು ಮೂರು ದಿನ ಇದು ಇರುತ್ತದೆ. ಇದೆಲ್ಲ ಕಾಯಬಹುದಾದ ನೋವು.

ತಂತಿ ಚುಚ್ಚುವುದು ಬೇರೆ. ಹಲ್ಲು ಸಾಲಿಗೆ ಬರುತ್ತಾ ಬಂದ ಹಾಗೆ ತಂತಿ ಹಿಂದಕ್ಕೆ ಜರುಗಿ ಕೊನೆಯ ದವಡೆ ಹಲ್ಲಿನಿಂದಾಚೆ ಒಂದು ನೂಲಿನಷ್ಟು ಹೊರಗೆ ಬರುತ್ತದೆ. ಗುಂಡಿಗೆ ಕಟ್ಟಿದ ತೆಳು ಕಟ್ಟುತಂತಿಯ ತುದಿ ಎದ್ದು ತುಟಿಗೆ ಚುಚ್ಚಬಹುದು. ಗುಂಡಿಯೇ ಅಂಟು ಬಿಟ್ಟು ಅತ್ತಿತ್ತ ತಿರುಗಬಹುದು. ಹೀಗಾದರೆ ಚರ್ಮ ಒಗ್ಗಿಕೊಳ್ಳಲಿ ಎಂದು ಕಾದರೆ ಪ್ರಯೋಜನ ಇಲ್ಲ. ಸೂಜಿಗೆ ಚರ್ಮ ಒಗ್ಗುತ್ತದೆಯೇ? ಮುಂದಿನ ತಿಂಗಳ ತಾರೀಖಿನವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ ಹೋಗಬೇಕು. ತುದಿ ಕತ್ತರಿಸುವುದು ಅವರಿಗೆ ಎರಡು ನಿಮಿಷದ ಕೆಲಸ.

ನಮ್ಮಲ್ಲಿ ಬಾಯಿ ಹುಣ್ಣು ಎಂದ ಕೂಡಲೇ "ಉಷ್ಣ ಆಗಿದೆ" ಎನ್ನುತ್ತೇವೆ. ಗಣಿಕೆ ಸೊಪ್ಪಿನ ಸಾರು, ಮಜ್ಜಿಗೆ, ಹುಣ್ಣಿಗೆ ಒಂದು ತೊಟ್ಟು ತುಪ್ಪ. ಮಾಡಿ, ಬೇಡ ಅನ್ನುವುದಿಲ್ಲ. ಸೊಪ್ಪು ದೇಹಕ್ಕೆ ಒಳ್ಳೆಯದೇ, ತುಪ್ಪ ಹಚ್ಚಿದರೆ ಉರಿಯೂ ತುಸು ತಗ್ಗುತ್ತದೆ. ಆದರೆ ಎಷ್ಟು ಸೊಪ್ಪು ತಿಂದರೂ ಅದು ತಂತಿಯನ್ನು ಬಗ್ಗಿಸುವುದಿಲ್ಲ. ಏನು ಉಜ್ಜುತ್ತಿದೆ, ಎಲ್ಲಿ ಚುಚ್ಚುತ್ತಿದೆ ಎಂದು ಟಾರ್ಚ್ ಹಿಡಿದು ನೋಡುವುದು ಮೊದಲ ಕೆಲಸ. ಹುಣ್ಣಿನ ಎದುರಿಗೇ ಗುಂಡಿಯೋ ತಂತಿಯೋ ಇರುತ್ತದೆ. ಇಲ್ಲದಿದ್ದರೆ ಆ ಹುಣ್ಣಿಗೆ ಬೇರೆ ಕಾರಣ ಇದೆ ಎಂದು ತಿಳಿಯಿರಿ. ರಕ್ತಹೀನತೆ, ಕಬ್ಬಿಣದಂಶ ಅಥವಾ ಬಿ-12 ಜೀವಸತ್ವದ ಕೊರತೆ ಇದ್ದವರಿಗೆ, ಪರೀಕ್ಷೆಯ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಕ್ಲಿಪ್ ಇಲ್ಲದೆಯೂ ಪದೇ ಪದೇ ಹುಣ್ಣಾಗುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಆಗುವ ಹುಡುಗಿಯರ ರಕ್ತ ಒಂದು ಸಲ ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಏನು ಮಾಡಬೇಕು

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಊಟ ಆದ ಮೇಲೆ, ಮಲಗುವ ಮುಂಚೆ, ಹೀಗೆ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಬೇಕು. ನುಂಗಬಾರದು. ಇದಕ್ಕಿಂತ ಅಗ್ಗದ, ಒಳ್ಳೆಯ ಮದ್ದು ಇನ್ನೊಂದಿಲ್ಲ.

ಎರಡನೆಯದು ಮೇಣ. ಮೋಂಬತ್ತಿ ಮೇಣ ಅಲ್ಲ, ಕ್ಲಿಪ್ಪಿಗೆಂದೇ ಸಣ್ಣ ಡಬ್ಬಿಯಲ್ಲಿ ಬರುವ ಮೇಣ. ಕ್ಲಿಪ್ ಹಾಕಿದ ದಿನವೇ ಡಾಕ್ಟರನ್ನು ಕೇಳಿ ಪಡೆಯಿರಿ, ದೊಡ್ಡ ಮೆಡಿಕಲ್ ಸ್ಟೋರುಗಳಲ್ಲೂ ಸಿಗುತ್ತದೆ. ಕೈ ತೊಳೆದು, ಬಟಾಣಿ ಕಾಳಿನಷ್ಟು ಚಿವುಟಿ, ಬೆರಳಲ್ಲಿ ಉರುಟು ಮಾಡಿ ಮೆತ್ತಗಾದ ಮೇಲೆ, ಚುಚ್ಚುವ ಗುಂಡಿಯನ್ನು ಹತ್ತಿಯಿಂದ ಒರೆಸಿ ಒಣಗಿಸಿ ಅದರ ಮೇಲೆ ಒತ್ತಬೇಕು. ಒದ್ದೆ ಗುಂಡಿಗೆ ಮೇಣ ನಿಲ್ಲುವುದಿಲ್ಲ. ಬಹಳ ಜನ "ಅಂಟೋದೇ ಇಲ್ಲ ಸಿಸ್ಟರ್" ಎನ್ನುವುದು ಇದಕ್ಕೇ. ಊಟಕ್ಕೆ ಮುಂಚೆ, ಬ್ರಷ್ ಮಾಡುವ ಮುಂಚೆ ತೆಗೆದು ಆಮೇಲೆ ಹೊಸದು ಹಾಕಿ. ಅಪ್ಪಿತಪ್ಪಿ ಒಂದು ಚೂರು ನುಂಗಿದರೆ ಹೆದರಬೇಡಿ. ಗಾರ್ಮೆಂಟ್ಸಿನ ನಮ್ಮ ಅಕ್ಕಂದಿರಿಗೆ ಇದು ಬೇಗ ಅರ್ಥವಾಗುತ್ತದೆ: ಕತ್ತಿಗೆ ಚುಚ್ಚುವ ಲೇಬಲ್ಲಿನ ಮೇಲೆ ಮೆತ್ತನೆ ಬಟ್ಟೆ ಇಟ್ಟು ಹೊಲಿದ ಹಾಗೆ. ಹುಣ್ಣಿಗೆ ಮದ್ದು ಹಚ್ಚುವುದಕ್ಕಿಂತ ಉಜ್ಜುವುದನ್ನು ನಿಲ್ಲಿಸುವುದು ಮುಖ್ಯ.

ನೋವು ಹೆಚ್ಚಾದರೆ ವಯಸ್ಸಿಗೆ, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಬಹುದು. ಬಾಯಿಗೆ ಹಚ್ಚುವ ಜೆಲ್ಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಜೆಲ್ಲುಗಳಲ್ಲಿ ಆಸ್ಪಿರಿನ್ ಜಾತಿಯದೇ ಆದ ಸ್ಯಾಲಿಸಿಲೇಟ್ ಇರುತ್ತದೆ. ಅದನ್ನು ಹದಿನಾರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಅಂಗಡಿಯಲ್ಲಿ "ಬಾಯಿ ಹುಣ್ಣಿಗೆ ಏನಾದ್ರೂ ಕೊಡಿ" ಎಂದು ಕೇಳಿದರೆ ಅವರು ಮಗುವಿನ ವಯಸ್ಸು ಕೇಳುವುದಿಲ್ಲ, ನೀವೇ ಹೇಳಬೇಕು. ಬಿಳಿಗಾರ ಕಲಸಿದ ಗ್ಲಿಸರಿನ್ ಕೆಲವರ ಮನೆಯಲ್ಲಿ ಇನ್ನೂ ಇದೆ. ಬಿಳಿಗಾರ ಹೊಟ್ಟೆಗೆ ಹೋಗಬಾರದ ವಸ್ತು, ಬೇಡ. ಲವಂಗದ ಎಣ್ಣೆಯನ್ನು ನೇರವಾಗಿ ಹುಣ್ಣಿನ ಮೇಲೆ ಬಿಟ್ಟರೆ ಅದೂ ಸುಡುತ್ತದೆ. ಉಗುರು ಕತ್ತರಿಯಲ್ಲಿ ತಂತಿ ಕತ್ತರಿಸುವುದಂತೂ ಮಾಡಲೇಬೇಡಿ. ಕತ್ತರಿಸಿದ ಚೂರು ಗಂಟಲಿಗೆ, ಶ್ವಾಸಕೋಶಕ್ಕೆ ಹೋದರೆ ದೊಡ್ಡ ಅಪಾಯ. ತೆಳುತಂತಿಯ ತುದಿ ಎದ್ದಿದ್ದರೆ ಪೆನ್ಸಿಲ್ಲಿನ ರಬ್ಬರ್ ತುದಿಯನ್ನು ತೊಳೆದು, ಅದರಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಬಹುದು. ಒತ್ತಿದರೂ ಕೂರದಿದ್ದರೆ ಮೇಣ ಹಾಕಿ ಡಾಕ್ಟರ ಹತ್ತಿರ ಹೋಗಿ.

ಊಟದ ಚಿಂತೆ ನಮ್ಮ ಕಡೆ ಬೇಕಾಗಿಯೇ ಇಲ್ಲ. ಅಗಿಯದೆ ನುಂಗುವ ಊಟ ಯಾವುದು ಹೇಳಿ? ರಾಗಿ ಮುದ್ದೆ! ಖಾರ ಕಡಿಮೆ ಮಾಡಿದ ಬೇಳೆ ಸಾರಿನಲ್ಲಿ ಸಣ್ಣ ಸಣ್ಣ ತುತ್ತು ನುಂಗಿದರೆ ಹೊಟ್ಟೆಯೂ ತುಂಬುತ್ತದೆ, ಹುಣ್ಣಿಗೂ ತಾಗುವುದಿಲ್ಲ. ಅಂಬಲಿ, ಮೊಸರನ್ನ, ನೆನೆಸಿದ ಅವಲಕ್ಕಿ, ಇಡ್ಲಿ, ಬಾಳೆಹಣ್ಣು ಆಗುತ್ತವೆ. ಹುಳಿ, ಉಪ್ಪಿನಕಾಯಿ, ಮಾವಿನಕಾಯಿಗೆ ಖಾರದಪುಡಿ, ಪಾನಿಪೂರಿ ಹುಣ್ಣು ಆರುವವರೆಗೆ ಬೇಡ. ಹುಣ್ಣು ಆರಿದ ಮೇಲೂ ಗಟ್ಟಿ ಪದಾರ್ಥ ಕ್ಲಿಪ್ ಇರುವಷ್ಟು ದಿನ ಬೇಡವೇ ಬೇಡ. ನಿಪ್ಪಟ್ಟು, ಕೋಡುಬಳೆ, ಸಂಕ್ರಾಂತಿಯ ಕಬ್ಬು, ಎಳ್ಳುಬೆಲ್ಲದ ಕೊಬ್ಬರಿ ಚೂರು, ಕ್ರಿಸ್‌ಮಸ್ಸಿನ ಗಟ್ಟಿ ಕಲ್‌ಕಲ್ಲು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋಗಿ, ಬತ್ತಾಸು ಕೊಡಿಸಬೇಡಿ, ಹುರಿದ ಕಡಲೆಕಾಯಿ ಕಚ್ಚಲು ಬಿಡಬೇಡಿ. ಬೇಯಿಸಿದ ಮೆತ್ತನೆ ಕಾಯಿ ಬಿಡಿಸಿ ಕೊಡಿ. ಗುಂಡಿ ಕಿತ್ತು ಬಂದರೆ ಹೊಸ ಹುಣ್ಣು, ಹೊಸ ಖರ್ಚು, ಚಿಕಿತ್ಸೆಯೂ ಮುಂದಕ್ಕೆ ಹೋಗುತ್ತದೆ.

ಸದ್ದಿಲ್ಲದೆ ಬರುವುದು ಒಸಡಿನ ಊತ

ಹುಣ್ಣಾದರೆ ಮಕ್ಕಳು ಅಳುತ್ತಾರೆ, ನಮಗೆ ಗೊತ್ತಾಗುತ್ತದೆ. ಒಸಡು ಕೆಟ್ಟರೆ ನೋವೇ ಇರುವುದಿಲ್ಲ. ನನ್ನ ಪ್ರಕಾರ ಕ್ಲಿಪ್ ಹಾಕಿದ ಮಕ್ಕಳ ತಾಯಂದಿರು ಹುಣ್ಣಿಗಿಂತ ಇದಕ್ಕೆ ಹೆಚ್ಚು ಹೆದರಬೇಕು.

ಗುಂಡಿಯ ಸುತ್ತ, ತಂತಿಯ ಕೆಳಗೆ ಅನ್ನದ ಅಗುಳು, ಬಿಸ್ಕತ್ತಿನ ಹಿಟ್ಟು ನಿಲ್ಲುತ್ತದೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಕೊಡದ ಒಳಗೆ ತೊಳೆಯದಿದ್ದರೆ ಲೋಳೆ ಕಟ್ಟುತ್ತದಲ್ಲ, ಹಾಗೆ. ಅದರಲ್ಲಿರುವ ರೋಗಾಣುಗಳಿಂದ ಒಸಡು ಕೆಂಪಾಗಿ ಉಬ್ಬುತ್ತದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ದೇಹದೊಳಗಿನ ಬದಲಾವಣೆಗಳಿಂದ ಈ ಊತ ಇನ್ನೂ ಜೋರು. ರಕ್ತ ಬಂತೆಂದು ಹುಡುಗಿ ಅಲ್ಲಿ ಬ್ರಷ್ ಮಾಡುವುದನ್ನೇ ಬಿಡುತ್ತಾಳೆ, ಪಾಚಿ ಇನ್ನೂ ಕಟ್ಟುತ್ತದೆ, ಒಸಡು ಬೆಳೆದು ಗುಂಡಿಯನ್ನೇ ಮುಚ್ಚಲು ಬರುತ್ತದೆ. ರಕ್ತ ಬಂದರೆ ಬ್ರಷ್ ನಿಲ್ಲಿಸಬಾರದು. ಮೆತ್ತನೆ ಬ್ರಷ್ಷಿನಲ್ಲಿ ಅಲ್ಲೇ ನಿಧಾನವಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ರಕ್ತ ತಾನೇ ಕಡಿಮೆಯಾಗುತ್ತದೆ. ಆಗದಿದ್ದರೆ ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಬೇಕು.

ಬ್ರಷ್ಷನ್ನು ಓರೆಯಾಗಿ ಹಿಡಿದು ಒಸಡು ಮತ್ತು ಹಲ್ಲು ಸೇರುವ ಗೆರೆಯಲ್ಲಿ ಒಂದು ಸಲ, ತಂತಿಯ ಮೇಲಿನಿಂದ ಒಂದು ಸಲ, ತಂತಿಯ ಕೆಳಗಿನಿಂದ ಒಂದು ಸಲ. ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಕಾಣುವ ಪುಟಾಣಿ ಬ್ರಷ್ ಸಿಗುತ್ತದೆ, ಅದನ್ನು ತಂತಿಯ ಸಂದಿಗೆ ಹಾಕಿ ಆಡಿಸಬೇಕು. ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಬೇಡ. ರಾತ್ರಿಯ ಬ್ರಷ್ ತಪ್ಪಲೇಬಾರದು. "ಸುಸ್ತಾಗಿತ್ತು, ಮಲಗಿಬಿಟ್ಲು" ಎನ್ನುತ್ತೀರಿ. ಹಾಗೆ ಮಲಗಿದ ರಾತ್ರಿಗಳ ಲೆಕ್ಕ ಕ್ಲಿಪ್ ಬಿಚ್ಚಿದ ದಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆಯಾಗಿ ಕಾಣುತ್ತದೆ. ಡಾಕ್ಟರು ಹೇಳದೆ ಔಷಧಿಯ ಬಾಯಿ ತೊಳೆಯುವ ನೀರನ್ನು ತಿಂಗಳುಗಟ್ಟಲೆ ಬಳಸಬೇಡಿ. ಕ್ಲೋರ್‌ಹೆಕ್ಸಿಡಿನ್ ಇರುವಂಥದ್ದು ಹಲ್ಲಿಗೆ ಕಂದು ಬಣ್ಣ ಹಿಡಿಸುತ್ತದೆ.

ಕ್ಲಿಪ್ ಹಾಕಿಸುವ ಮುಂಚೆಯೇ ಡಾಕ್ಟರಿಗೆ ಹೇಳಬೇಕಾದ ಎರಡು ಮಾತುಗಳಿವೆ. ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳು ನಮ್ಮ ಸಂಘದ ಮನೆಗಳಲ್ಲಿದ್ದಾರೆ, ಕೆಲವರು ನಿಮ್ಹಾನ್ಸಿಗೆ ಹೋಗಿಬರುತ್ತಾರೆ. ಆ ಮಾತ್ರೆಗಳಲ್ಲಿ ಫೆನಿಟಾಯಿನ್ ಎಂಬುದು ಒಸಡನ್ನು ಬೆಳೆಸುತ್ತದೆ. ಕ್ಲಿಪ್ಪೂ ಸೇರಿದರೆ ಇನ್ನೂ ಹೆಚ್ಚು. ಹಲ್ಲಿನ ಡಾಕ್ಟರಿಗೆ ಮಾತ್ರೆಯ ಚೀಟಿ ತೋರಿಸಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಮೂರ್ಛೆ ಬಂದರೆ ಜೀವಕ್ಕೇ ಅಪಾಯ. ಇನ್ನೊಂದು, ರೋಲ್ಡ್‌ಗೋಲ್ಡ್ ಓಲೆ, ನಕಲಿ ಸರ ಹಾಕಿದರೆ ಕಿವಿ, ಕತ್ತು ತುರಿಸಿ ನೀರು ಬರುವವರಿಗೆ ನಿಕ್ಕಲ್ ಎಂಬ ಲೋಹ ಆಗದಿರಬಹುದು. ಕ್ಲಿಪ್ಪಿನ ತಂತಿಯಲ್ಲೂ ನಿಕ್ಕಲ್ ಇರುತ್ತದೆ. ಬಾಯೆಲ್ಲ ಉರಿ, ತುಟಿಯ ಮೂಲೆ ಸೀಳುವುದು, ಮುಖದ ಮೇಲೆ ತುರಿಕೆ ಕಂಡರೆ ಇದನ್ನು ನೆನಪಿಡಿ. ಇದು ಎಲ್ಲರಿಗೂ ಆಗುವಂಥದ್ದಲ್ಲ, ಆಗುವವರಿಗೆ ಬೇರೆ ತಂತಿ ಇದೆ.

ಹಾಕಿ ತೆಗೆಯುವ ಪ್ಲೇಟ್ ಇದ್ದರೆ ದಿನಾ ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆಯಬೇಕು. ಕೊಳಕು ಪ್ಲೇಟಿನ ಅಡಿಯಲ್ಲಿ ಅಂಗುಳು ಕೆಂಪಾಗಿ ಬೂಷ್ಟಿನ ಸೋಂಕು ಬರುತ್ತದೆ. ಬಿಸಿನೀರಿನಲ್ಲಿ ಹಾಕಿದರೆ ಪ್ಲೇಟ್ ಸೊಟ್ಟಗಾಗುತ್ತದೆ.

ಅದೇ ಮನೆಯ ಅಜ್ಜಿಯ ಹುಣ್ಣು

ತಾವರೆಕೆರೆಯ ಆ ಮನೆಯಲ್ಲಿ ಮೊಮ್ಮಗಳ ಬಾಯಿ ನೋಡುತ್ತಿರುವಾಗ ಮೂಲೆಯಲ್ಲಿ ಕೂತಿದ್ದ ಅಜ್ಜಿ, "ನಂಗೂ ಒಂದ್ ಹುಣ್ಣೈತೆ ನೋಡವ್ವ, ನೋವೇನಿಲ್ಲ" ಎಂದರು. ಮಾತ್ರೆ ಪುಡಿ ಮಾಡಿ ಇಟ್ಟವರೂ ಅವರೇ, ಪ್ರೀತಿಯಿಂದ. ಎಡಗೆನ್ನೆಯ ಒಳಗೆ, ಮೂವತ್ತು ವರ್ಷದಿಂದ ಎಲೆಅಡಿಕೆ ಮತ್ತು ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲೇ ಹುಣ್ಣು. ಸುತ್ತ ಬಿಳಿ ಮಚ್ಚೆ, ಅಂಚು ಗಟ್ಟಿ. ಎಷ್ಟು ದಿನ ಆಯಿತು ಎಂದು ಕೇಳಿದರೆ "ಗೌರಿ ಹಬ್ಬಕ್ಕೆ ಮುಂಚೆ ಶುರುವಾಗಿದ್ದು" ಎಂದರು. ಲೆಕ್ಕ ಹಾಕಿದೆವು, ಎರಡು ತಿಂಗಳು ದಾಟಿತ್ತು. ಮನೆಯವರೆಲ್ಲ ಅಳುವ ಮೊಮ್ಮಗಳ ಬಾಯಿ ನೋಡುತ್ತಿದ್ದರು. ನೋವಿಲ್ಲದ ಅಜ್ಜಿಯ ಬಾಯನ್ನು ಯಾರೂ ನೋಡಿರಲಿಲ್ಲ.

ಕ್ಲಿಪ್ ಉಜ್ಜಿದ ಹುಣ್ಣಾಗಲಿ, ಕಟ್ಟಿಸಿದ ಹಲ್ಲಿನ ಸೆಟ್ ಒತ್ತಿದ ಹುಣ್ಣಾಗಲಿ, ನಾಲಿಗೆ ಕಚ್ಚಿಕೊಂಡ ಗಾಯವಾಗಲಿ, ಕಾರಣ ತೆಗೆದ ಮೇಲೆ ಎರಡು ವಾರದೊಳಗೆ ಮಾಯಬೇಕು. ಮಾಯದಿದ್ದರೆ, ನೋವಿರಲಿ ಇಲ್ಲದಿರಲಿ, ಡಾಕ್ಟರಿಗೆ ತೋರಿಸಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಕೆನ್ನೆಯಲ್ಲಿ ಗಂಟು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಕತ್ತಿನಲ್ಲಿ ಗಡ್ಡೆ ಇವಕ್ಕೆ ಎರಡು ವಾರವೂ ಕಾಯಬೇಡಿ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬಿಡಬೇಕೆಂದಿರುವವರು 1800-11-2356 ಎಂಬ ಉಚಿತ ಸರ್ಕಾರಿ ಸಂಖ್ಯೆಗೆ ಫೋನ್ ಮಾಡಬಹುದು.

ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕ ಬರೆಯುತ್ತೀರಲ್ಲ, ಅದರಲ್ಲೇ ಹುಣ್ಣು ಕಂಡ ದಿನಕ್ಕೂ ಒಂದು ಗುರುತು ಹಾಕಿ. "ಮೊನ್ನೆ ಮೊನ್ನೆ ಆಗಿದ್ದು" ಎನ್ನುವುದು ಎಷ್ಟೋ ಸಲ ಎರಡು ತಿಂಗಳಾಗಿರುತ್ತದೆ.

ಅಜ್ಜಿಯನ್ನು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರೇ ಆಗಿತ್ತು, ಆದರೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಈಗ ಮೆತ್ತಗೆ ಮಾಡಿದ ಊಟ ಮಾಡುತ್ತಾರೆ, ಮಾತು ಸ್ವಲ್ಪ ತೊದಲು. ಎಲೆಅಡಿಕೆ ಡಬ್ಬಿಯಲ್ಲಿ ಈಗ ಗುಂಡುಸೂಜಿ ಇಟ್ಟಿದ್ದಾರೆ.

ಮೊಮ್ಮಗಳ ತಂತಿಯ ತುದಿಯನ್ನು ಮಾರನೆಯ ದಿನವೇ ಕತ್ತರಿಸಿ ಕೊಟ್ಟರು. ಹತ್ತು ದಿನದಲ್ಲಿ ಹುಣ್ಣು ಆರಿತು. ಕ್ಲಿಪ್ ತೆಗೆಸಲಿಲ್ಲ.

ಎಲ್ಲಿಗೆ ಹೋಗಬೇಕು

ಕ್ಲಿಪ್ ಹಾಕಿಸುವ ಮುಂಚೆ ಡಾಕ್ಟರ ಬೋರ್ಡ್ ನೋಡಿ. ಬಿ.ಡಿ.ಎಸ್. ಆದ ಮೇಲೆ ಮೂರು ವರ್ಷ ಓದಿ ಎಂ.ಡಿ.ಎಸ್. ಆರ್ಥೊಡಾಂಟಿಕ್ಸ್ ಮಾಡಿದವರು ಇದರಲ್ಲಿ ಪರಿಣತರು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಕೆಲಸ, ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ಸಾಲ ಕೇಳುವಾಗ ಕ್ಲಿಪ್ಪಿನ ಖರ್ಚು ಮಾತ್ರ ಬರೆಯಬೇಡಿ. ಈ ಓಡಾಟದ ಖರ್ಚು, ರಜೆ ಹಾಕಿದ ದಿನದ ಕೂಲಿ, ಗುಂಡಿ ಕಿತ್ತರೆ ಆಗುವ ಖರ್ಚು, ಕೊನೆಗೆ ಹಾಕುವ ಪ್ಲೇಟ್ ಎಲ್ಲ ಸೇರಿಸಿ ಕೇಳಿ. ಅರ್ಧಕ್ಕೆ ಬಿಟ್ಟ ಕ್ಲಿಪ್ ಹಲ್ಲಿಗೂ ನಷ್ಟ, ಸಂಘಕ್ಕೂ ನಷ್ಟ.

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜಿದೆ. ಬನಶಂಕರಿ, ಜೆ.ಪಿ. ನಗರ, ಜಯನಗರದವರು ಹಸಿರು ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರೆ ಹತ್ತಿರ. ಬಿ.ಟಿ.ಎಂ. ಕಡೆಯವರು 2025ರಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಆರ್.ವಿ. ರೋಡ್‌ವರೆಗೆ ಬಂದು ಅಲ್ಲಿ ಹಸಿರಿಗೆ ಬದಲಾಯಿಸಿ. ಜೆ.ಪಿ. ನಗರ ಒಂದನೇ ಹಂತದ ಆರ್.ವಿ. ಡೆಂಟಲ್ ಕಾಲೇಜು, ವಿ.ವಿ. ಪುರದ ವಿ.ಎಸ್. ಡೆಂಟಲ್ ಕಾಲೇಜುಗಳಲ್ಲೂ ಕ್ಲಿಪ್ ವಿಭಾಗ ಇದೆ. ಕಾಲೇಜುಗಳಲ್ಲಿ ಕಲಿಯುವ ಡಾಕ್ಟರುಗಳು ಪ್ರೊಫೆಸರುಗಳ ಕಣ್ಣೆದುರು ಕೆಲಸ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ.

ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ದಂತ ಕಾಲೇಜು ತೆರೆಯುವವರೆಗೆ ಕಾಯದೆ, ರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಳಿದ ದಿನ ಬೆಳಿಗ್ಗೆ ಬೇಗ ಹೊರಡಿ. ಆಧಾರ್, ಬಿ.ಪಿ.ಎಲ್. ಕಾರ್ಡ್, ಹಳೆಯ ಚೀಟಿಗಳನ್ನು ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ಮಗಳ ಜೊತೆ ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ, ಅವರ ಬಾಯನ್ನೂ ಅಂದೇ ತೋರಿಸಿಕೊಂಡು ಬನ್ನಿ.